ವಾಲಿ ತೇಲಿದ ಬಳೆ

"ಬಿಲ್ಲೆ ಮರೆಯೋದಕ್ಕೆ ಮುಂಚೆ ಹೋಗಿ ಕೇಳಿ ಮೇಡಂ. ಆಮೇಲೆ ಹೋದ್ರೆ ಅದು ಬರೀ ಕಲ್ಲು."

ಇನ್ಸ್‌ಪೆಕ್ಟರ್ ಹೊಸ್ತಿಲ ಆಚೆಯೇ ನಿಂತಿದ್ದಳು. ಒಳಗೆ ಬನ್ನಿ ಅನ್ನುವ ಮನಸ್ಸು ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಬಾಗಿಲ ಪಕ್ಕದಲ್ಲಿ ಗಂಡಸರ ಎರಡು ಜೊತೆ ಚಪ್ಪಲಿ. ಒಂದು ಜೊತೆ, ಕಾರ್ಖಾನೆಯಲ್ಲಿ ಚಕ್ರ ಕುಸಿದು ಕಳೆದ ವಾರ ಸತ್ತವನದು. ಇನ್ನೊಂದು, ಅವನನ್ನು ನಾನೇ ಕೊಂದೆ ಎಂದು ಒಪ್ಪಿಕೊಂಡು ಲಾಕಪ್ಪಿನಲ್ಲಿ ಕೂತಿರುವ ಬಾಮೈದನದು. ಎದುರಿಗೆ ನಿಂತ ಹೆಂಗಸು ಒಬ್ಬನಿಗೆ ಹೆಂಡತಿ, ಇನ್ನೊಬ್ಬನಿಗೆ ಅಕ್ಕ.

"ಯಾವ ಬಿಲ್ಲೆಯಮ್ಮಾ?"

"ಕರೆಂಟು ಕೂಡಿಡೋ ಆ ಚಕ್ರದ ಕೆಳಗಿರೋ ಕರಿ ಬಿಲ್ಲೆ. ಸೂಪರ್‌ಕಂಡಕ್ಟರ್. ಬೇರಿಂಗ್ ಅಂದ್ರೆ ಅದೇ. ಅದನ್ನ ಒಂದೊಂದಾಗಿ ಅಂಟು ಹಾಕಿ ಪೆಟ್ಟಿಗೆಯಲ್ಲಿ ಕೂರಿಸಿದ್ದು ನಾನು." ಅಕ್ಕ ಬೆರಳು ಚಾಚಿದಳು. ಉಗುರಿನ ಸಂದಿಯಲ್ಲಿ ಅಂಟಿನ ಹಳದಿ ಕಲೆ ಇನ್ನೂ ಇತ್ತು. "ಸುಮ್ಮನಿದ್ದಾಗ ಅದಕ್ಕೆ ಏನೂ ಗೊತ್ತಾಗಲ್ಲ. ಲಿಕ್ವಿಡ್ ನೈಟ್ರೋಜನ್ ಸುರಿದು ತಣ್ಣಗೆ ಮಾಡಿದ್ರೆ, ಆ ಹೊತ್ತಲ್ಲಿ ಮೇಲಿನ ಚಕ್ರದ ಅಯಸ್ಕಾಂತ ಎಲ್ಲಿತ್ತೋ ಆ ಜಾಗ ನೆನಪಿಟ್ಕೊಳ್ಳುತ್ತೆ. ಎತ್ತಿದ್ರೆ ಕೆಳಗೆಳೆಯುತ್ತೆ, ಒತ್ತಿದ್ರೆ ಮೇಲೆ ತಳ್ಳುತ್ತೆ. ಅಷ್ಟು ದೊಡ್ಡ ಚಕ್ರ ಯಾವುದನ್ನೂ ಮುಟ್ಟದೆ ತೇಲಿಕೊಂಡು ತಿರುಗೋದು ಹಾಗೆ. ಬಿಸಿ ಆಯ್ತೋ, ಎಲ್ಲಾ ಮರೆತುಹೋಯ್ತು."

"ಇದನ್ನ ಒಂದು ವಾರ ಬಾಯಲ್ಲಿಟ್ಕೊಂಡು ಕೂತಿದ್ದೆಯಾ?" ಇನ್ಸ್‌ಪೆಕ್ಟರ್ ಧ್ವನಿ ಏರಿತು. ಪಕ್ಕದ ಮನೆಯ ಕಿಟಕಿ ಸ್ವಲ್ಪ ತೆರೆಯಿತು.

"ಕೇಳೋರು ಯಾರಿದ್ರು? ಅವನು ಬಾಯಿಬಿಟ್ಟ, ನೀವು ಬರ್ಕೊಂಡ್ರಿ. ಒಪ್ಪಿಕೊಂಡವನು ಸಿಕ್ಕಿದ ಮೇಲೆ ಯಾರು ಬಿಲ್ಲೆ ಕೇಳ್ತಾರೆ?"

ಆ ಮಾತು ಇನ್ಸ್‌ಪೆಕ್ಟರಿಗೆ ನಾಟಿತು. ನಿಜವೇ ಆಗಿತ್ತು. ಅಪಘಾತವಾದ ದಿನ ಸಂಜೆ ಆ ಹುಡುಗ ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. "ನಾನೇ ಕಣ್ರೀ" ಎಂದಿದ್ದ. ಅವಳು ಅವನನ್ನು ಎಬ್ಬಿಸಿ ಜೀಪು ಹತ್ತಿಸಿದ್ದಳು. ಮುಂದಿನದನ್ನೆಲ್ಲ ಅವನ ಬಾಯಿಂದಲೇ ಬರೆಸಿಕೊಂಡಳು. ಕೆಲಸ ಸುಲಭವಾಯಿತು ಎಂದು ಅವತ್ತು ಊಟವನ್ನೂ ಹೊತ್ತಿಗೆ ಸರಿಯಾಗಿ ಮಾಡಿದ್ದಳು.

"ಬಿಲ್ಲೆ ನಿನ್ನ ತಮ್ಮನ ಪರ ಹೇಳುತ್ತೆ ಅಂತ ನಿಂಗೆ ಖಾತ್ರಿನಾ?"

"ಏನು ಹೇಳುತ್ತೋ ಅದನ್ನ ಬರ್ಕೊಳ್ಳಿ. ಯಾರ ತಲೆಗೆ ಬಂದ್ರೂ ಸರಿ." ಅಕ್ಕ ಅವಳ ಕಣ್ಣು ತಪ್ಪಿಸಿದಳು. "ಕಾರ್ಖಾನೆ ಅಂಗಳದ ನೈಟ್ರೋಜನ್ ಟ್ಯಾಂಕಿನಲ್ಲಿ ತಳ ಕಾಣ್ತಿದೆಯಂತೆ. ಹೊಸ ಲೋಡ್ ತರಿಸಿಲ್ಲ. ಇವತ್ತು ಬಿಟ್ರೆ ನಾಳೆ ಇಲ್ಲ."

ಪೊಲೀಸ್ ಕಸ್ಟಡಿ ಮುಗಿದು ನಾಳೆಯೇ ಆ ಹುಡುಗನನ್ನು ಮತ್ತೆ ಕೋರ್ಟಿಗೆ ಹಾಜರುಪಡಿಸಬೇಕಿತ್ತು.

*

ಲಾಕಪ್ಪಿನ ಬಾಗಿಲು ತೆಗೆದವನು ಕಾನ್‌ಸ್ಟೇಬಲ್ ಮೀಸೆ. ಮೀಸೆ ಬೋಳಿಸಿ ವರ್ಷಗಳಾಗಿದ್ದರೂ ಹೆಸರನ್ನು ಬೋಳಿಸಲು ಅವನಿಂದ ಆಗಿರಲಿಲ್ಲ.

"ಎದ್ದೇಳಪ್ಪಾ ಫಿಟ್ಟರ್. ನಿನ್ನ ಕಾರ್ಖಾನೆಗೆ ಹೋಗಬೇಕಂತೆ."

ಮೂಲೆಯಲ್ಲಿ ಮೊಣಕಾಲಿಗೆ ಗಲ್ಲ ಊರಿ ಕೂತಿದ್ದ ಫಿಟ್ಟರ್ ತಲೆಯೆತ್ತಲಿಲ್ಲ. "ಅಲ್ಲಿಗೆ ಬೇಡ. ನಾಳೆ ಕೋರ್ಟಿಗೆ ಕರ್ಕೊಂಡು ಹೋಗಿ, ಸಾಕು."

"ನಿನ್ನನ್ನ ಕೇಳ್ಕೊಂಡು ಕರ್ಕೊಂಡು ಹೋಗೋಕೆ ನೀನೇನು ಮದುಮಗನಾ? ಏಳು," ಎಂದಳು ಇನ್ಸ್‌ಪೆಕ್ಟರ್.

ಜೀಪಿನಲ್ಲಿ ಅವಳು ಅವನ ಪಕ್ಕದಲ್ಲೇ ಕೂತಳು. "ಇನ್ನೊಂದು ಸಲ ಹೇಳು. ಅವತ್ತು ಏನು ಮಾಡಿದೆ?"

"ಎಷ್ಟು ಸಲ ಹೇಳಲಿ?"

"ನನಗೆ ಅರ್ಥವಾಗೋವರೆಗೆ."

ಫಿಟ್ಟರ್ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಅವನ್ನೇ ನೋಡುತ್ತ ಮಾತಾಡಿದ. "ಚಕ್ರವನ್ನ ಮೊದಲು ಮರದ ಚಕ್ಕೆ ಮೇಲೆ ಕೂರಿಸ್ತೀವಿ. ಬಿಲ್ಲೆಗೂ ಚಕ್ರಕ್ಕೂ ಮಧ್ಯೆ ಇಷ್ಟು ಸಂದು ಇರಲಿ ಅಂತ. ಆಮೇಲೆ ಪೆಟ್ಟಿಗೆಗೆ ನೈಟ್ರೋಜನ್ ಬಿಡಬೇಕು. ಮೊದಲು ಕೊತ ಕೊತ ಕುದಿಯುತ್ತೆ. ಬಿಲ್ಲೆ ಪೂರ್ತಿ ತಣ್ಣಗಾದ ಮೇಲೆ ಕುದಿ ನಿಲ್ಲುತ್ತೆ. ಆವಾಗ ಚಕ್ಕೆ ಕಿತ್ತರೆ ಚಕ್ರ ಅಲ್ಲೇ ತೇಲುತ್ತೆ. ನಾನು ಕುದಿ ನಿಲ್ಲೋದಕ್ಕೆ ಕಾಯಲಿಲ್ಲ. ಕಿತ್ತುಬಿಟ್ಟೆ."

"ತೇಲಲಿಲ್ವಾ?"

"ತೇಲಿತು. ಆದ್ರೆ ಅರ್ಧ ತಣ್ಣಗಾದ ಬಿಲ್ಲೆಯ ಹಿಡಿತ ಸಡಿಲ. ವೇಗ ಏರಿದ ಮೇಲೆ ಕುಸಿದಿದೆ. ಸುತ್ತಲಿನ ಉಕ್ಕಿನ ಚಿಪ್ಪಿಗೆ ಉಜ್ಜಿ ಮುಚ್ಚಳದ ಬೋಲ್ಟ್ ಸಿಡೀತು. ಭಾವ ಚಿಪ್ಪಿನ ಕಿಟಕಿ ಎದುರಿಗೇ ನಿಂತಿದ್ರು."

"ಯಾಕೆ ಕಾಯಲಿಲ್ಲ?"

ಮೀಸೆ ಗೇರು ಬದಲಾಯಿಸಿದ.

"ಅವರ ಮುಖ ನೋಡ್ಕೊಂಡು ಅಲ್ಲಿ ನಿಲ್ಲೋದು ನನಗೆ ಬೇಕಿರಲಿಲ್ಲ. ಮಾತು ಬಿಟ್ಟಿದ್ದೆ."

"ಒಂದೇ ಮನೇಲಿ ಇದ್ಕೊಂಡಾ?"

"ಒಂದೇ ತಟ್ಟೆಗೂಡಿನಿಂದ ತಟ್ಟೆ ತಗೊಂಡು, ಬೆನ್ನು ತಿರುಗಿಸಿ ಕೂತು ಉಣ್ತಿದ್ವಿ. ಒಂದು ಸಲ ಚಕ್ರ ನೋಡೋಕೆ ಬಂದವರ ಮುಂದೆ ಭಾವ ಹೇಳಿದ್ರು, 'ಇವನು ನನ್ನ ಬಾಮೈದ. ಚಳಿ ಸುರಿಯೋದಷ್ಟೇ ಇವನ ಕೆಲಸ. ಚಕ್ರ ಮುಟ್ಟೋಕೆ ಬಿಟ್ರೆ ಅದೂ ಇವನ ಹಾಗೆ ತಿರುಗೋದು ಬಿಟ್ಟು ಕೂತುಬಿಡುತ್ತೆ' ಅಂತ. ಎಲ್ಲರೂ ನಕ್ಕರು."

"ಅಷ್ಟಕ್ಕೇನಾ?" ಮೀಸೆ ಮುಂದಿನಿಂದಲೇ ಅಂದ. "ಭಾವ ಬಾಮೈದನನ್ನ ಗೇಲಿ ಮಾಡದೆ ಇನ್ನು ಪೂಜೆ ಮಾಡ್ತಾನಾ? ನಮ್ಮ ಭಾವ ನನ್ನ ಮದುವೆ ದಿನ ಹೆಣ್ಣಿನ ಕಡೆಯವರ ಮುಂದೆ—"

"ರಸ್ತೆ ನೋಡು," ಎಂದಳು ಇನ್ಸ್‌ಪೆಕ್ಟರ್.

"ಅಕ್ಕನೂ ಅದನ್ನೇ ಅಂದ್ಲು," ಫಿಟ್ಟರ್ ಹೇಳಿದ. "ನಗೋದು ಬಿಟ್ಟು ಯಾಕೋ ಮೂತಿ ಊದಿಸ್ಕೊಂಡಿದ್ದೀಯಾ ಅಂತ. ನಕ್ಕಿದ್ರೆ ಆಗ್ತಿತ್ತು ಮೇಡಂ. ಒಂದು ಸಲ ನಕ್ಕುಬಿಟ್ಟಿದ್ರೆ ಅವತ್ತು ಅಲ್ಲೇ ನಿಂತಿರ್ತಿದ್ದೆ. ಕುದಿ ನಿಲ್ಲೋವರೆಗೂ ನಿಂತಿರ್ತಿದ್ದೆ."

ಅವನು ಅಳಲಿಲ್ಲ. ಅತ್ತಿದ್ದರೆ ಇನ್ಸ್‌ಪೆಕ್ಟರಿಗೆ ಬೈಯಲಾದರೂ ಒಂದು ದಾರಿ ಇರುತ್ತಿತ್ತು.

*

ಚಕ್ರದ ಹಜಾರದ ಬಾಗಿಲಿಗೆ ಅವಳೇ ಹಾಕಿಸಿದ್ದ ಅರಗಿನ ಮುದ್ರೆ ಹಾಗೇ ಇತ್ತು. ಒಡೆದಳು. ಒಳಗೆ ಎಣ್ಣೆ, ಸುಟ್ಟ ಬಣ್ಣ, ಒದ್ದೆ ಕಬ್ಬಿಣದ ವಾಸನೆ. ನಡುವೆ ಆಳುದ್ದದ ಗುಂಡಿ. ಅದರ ತಳದಲ್ಲಿ ಬೇರಿಂಗಿನ ಪೆಟ್ಟಿಗೆ ದೊಡ್ಡ ಬಾಣಲೆಯಂತೆ ಕೂತಿತ್ತು, ಮೈಯೆಲ್ಲ ಬಿಳಿ ಹಿಮ ಕಟ್ಟಿಕೊಂಡು. ಗೋಡೆಯ ಮೇಲೆ ನೈಟ್ರೋಜನ್ ಪೈಪಿನ ವಾಲ್ವ್ ತೆರೆದೇ ಇತ್ತು. ಮುದ್ರೆ ಹಾಕುವ ದಿನ ಯಾರೂ ಏನನ್ನೂ ಮುಟ್ಟಬಾರದೆಂದು ಅವಳೇ ಗದರಿದ್ದಳು. ಹೀಗಾಗಿ ಅಂಗಳದ ಟ್ಯಾಂಕು ವಾರವಿಡೀ ಈ ಪೆಟ್ಟಿಗೆಗೆ ಹನಿಹನಿಯಾಗಿ ಚಳಿ ಕೊಡುತ್ತಲೇ ಇತ್ತು. ತಿಳಿಯದೆ ಮಾಡಿದ ಒಂದು ಒಳ್ಳೆಯ ಕೆಲಸ.

ಕಾರ್ಖಾನೆಯ ಎಂಜಿನಿಯರ್ ಇವರಿಗಿಂತ ಮುಂಚೆಯೇ ಬಂದು ಬಾಗಿಲ ಬಳಿ ಕಾಯುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಮೆದು ಮಾತು. ಚಕ್ರದ ನಕ್ಷೆ ಅವನದೇ.

"ಮೇಡಂ, ಒಪ್ಪಿಕೊಂಡಿದ್ದಾನಲ್ಲ. ಮತ್ತೆ ಇದೆಲ್ಲ ಯಾಕೆ? ಪಾಪ, ಅವನಿಗೂ ಹಿಂಸೆ."

"ಬಿಲ್ಲೆಗೆ ನೆನಪಿರುತ್ತಂತೆ. ನಿಜಾನಾ?"

ಎಂಜಿನಿಯರ್ ಕನ್ನಡಕ ತೆಗೆದು ಒರೆಸಿಕೊಂಡ. "ನಿಜ."

"ನೀವೂ ಹೇಳಲಿಲ್ಲ."

"ನೀವು ಕೇಳಲಿಲ್ಲ."

ಅವಳಿಗೆ ಮೈ ಉರಿಯಿತು. ಈ ಮಾತನ್ನು ಬೆಳಿಗ್ಗೆಯಿಂದ ಎರಡನೇ ಸಲ ಕೇಳಿಸಿಕೊಳ್ಳುತ್ತಿದ್ದಳು.

"ಮೀಸೆ, ಇವನ ಕೋಳ ಬಿಚ್ಚು. ಫಿಟ್ಟರ್, ಚಕ್ರದ ತಳಕ್ಕಿದ್ದಂಥದೇ ಇನ್ನೊಂದು ಅಯಸ್ಕಾಂತದ ಬಳೆ ಇದೆಯಂತಲ್ಲ, ಅದನ್ನ ಚೈನ್ ಬ್ಲಾಕಿಗೆ ಹಾಕು. ಮೆಲ್ಲಗೆ ಪೆಟ್ಟಿಗೆ ಮೇಲೆ ಇಳಿಸು. ಎಲ್ಲಿ ನಿಲ್ಲುತ್ತೋ ನೋಡೋಣ."

"ನಾನು ಇಳಿಸಲ್ಲ."

"ಯಾಕೋ?"

"ಅದು ಏನು ಹೇಳುತ್ತೆ ಅಂತ ಗೊತ್ತು. ಇರಬೇಕಾದ ಎತ್ತರಕ್ಕಿಂತ ಸ್ವಲ್ಪ ಕೆಳಗೆ, ಮಟ್ಟಸವಾಗಿ ನಿಲ್ಲುತ್ತೆ. ಚಕ್ಕೆ ಬೇಗ ಕಿತ್ತಿದ್ದಕ್ಕೆ ಚಕ್ರ ಒಂದು ಕೂದಲೆಳೆ ಕುಸಿದು ನಿಂತಿತ್ತು ಅಂತ. ನಾನು ಬಾಯಲ್ಲಿ ಹೇಳಿದ್ದನ್ನ ಕಣ್ಣಾರೆ ನೋಡಬೇಕಾ?"

"ನೋಡು. ನಾನೂ ನೋಡ್ತೀನಿ."

ಅವನು ನೋಡಿದ, ಇವಳು ಬಿಡುವವಳಲ್ಲ. ಬಳೆಯನ್ನು ಸರಪಳಿಗೆ ಕಟ್ಟಿ ಗುಂಡಿಗಿಳಿದ. ಹಿಂದೆಯೇ ಇನ್ಸ್‌ಪೆಕ್ಟರ್ ಏಣಿ ಇಳಿದಳು. ಕೆಳಗೆ ಕಾಲಿಗೆ ಚಳಿ ತಾಕಿತು. ಮೇಲೆ ಮೀಸೆ ಸರಪಳಿ ಎಳೆಯತೊಡಗಿದ. ಕಟ ಕಟ ಎಂದು ಬಳೆ ಇಳಿಯುತ್ತ ಬಂತು.

ಪೆಟ್ಟಿಗೆಗೆ ಒಂದು ಗೇಣು ಇರುವಾಗ ಅದು ನಡುಗಿತು. ಯಾರೋ ಕೆಳಗಿನಿಂದ ಕೈ ಹಾಕಿ ಹಿಡಿದಂತೆ. ಮುದ್ರೆ ಹಾಕುವ ಮುಂಚೆ ಒಡೆದ ಚಕ್ರವನ್ನು ಎತ್ತುವಾಗಲೂ ಹೀಗೇ ಆಗಿತ್ತು. ಕ್ರೇನಿನವನು "ಕೆಳಗೆ ಯಾರೋ ಹಿಡ್ಕೊಂಡಿದ್ದಾರೆ, ಬಿಡ್ತಿಲ್ಲ" ಎಂದು ಕೂಗಿದ್ದು ಅವಳಿಗೆ ಆಗ ತಮಾಷೆಯಾಗಿ ಕಂಡಿತ್ತು.

"ಇನ್ನೂ ಇಳಿಸು," ಎಂದ ಫಿಟ್ಟರ್. ಅಂಗೈಯನ್ನು ಬಳೆಯ ಮೇಲಿಟ್ಟು ಅದು ಹೋಗಬೇಕೆಂದ ಕಡೆಗೆ ಬಿಡುತ್ತ ಹೋದ. ಸರಪಳಿ ಸಡಿಲಾಯಿತು. ಕೊಕ್ಕೆ ಬಿಚ್ಚಿದ. ಕೈ ತೆಗೆದ.

ಬಳೆ ಗಾಳಿಯಲ್ಲಿ ನಿಂತಿತ್ತು. ಆದರೆ ಮಟ್ಟಸವಾಗಿ ನಿಂತಿರಲಿಲ್ಲ.

ಬಾಗಿಲ ಕಡೆಯ ಅಂಚು ಪೆಟ್ಟಿಗೆಯನ್ನು ಮುಟ್ಟುವಷ್ಟು ಕೆಳಗಿತ್ತು. ಇನ್ನೊಂದು ಅಂಚು ಮೇಲೆದ್ದಿತ್ತು. ಫಿಟ್ಟರ್ ಅದನ್ನು ಒತ್ತಿ ನೇರ ಮಾಡಿದ. ಕೈ ಬಿಟ್ಟೊಡನೆ ಮತ್ತೆ ವಾಲಿತು. ಇನ್ನೊಮ್ಮೆ ಒತ್ತಿದ. ಮತ್ತೆ ವಾಲಿತು. ಗೋಡೆಯ ಗೂಟದಿಂದ ರಸಮಟ್ಟ ತೆಗೆದು ಮೇಲಿಟ್ಟ. ಗುಳ್ಳೆ ಓಡಿಹೋಗಿ ಒಂದು ತುದಿಗೆ ಅಂಟಿಕೊಂಡಿತು.

"ಇದು ಹೀಗೆ ನಿಲ್ಲಬಾರದು," ಎಂದ. ಅವನ ಧ್ವನಿ ಬದಲಾಗಿತ್ತು.

ಇನ್ಸ್‌ಪೆಕ್ಟರ್ ಜೇಬಿನಿಂದ ಫೋಟೋ ತೆಗೆದಳು. ಅಪಘಾತದ ದಿನ ತೆಗೆಸಿದ್ದು. ಒಡೆದ ಚಿಪ್ಪಿನೊಳಗೆ ಬಿದ್ದಿದ್ದ ಚಕ್ರ ಬಾಗಿಲ ಕಡೆಗೆ ವಾಲಿಕೊಂಡಿತ್ತು. ಫೋಟೋವನ್ನು ಬಳೆಯ ಪಕ್ಕ ಹಿಡಿದಳು. ಅದೇ ಕಡೆ, ಅದೇ ಓರೆ.

"ಎಂಜಿನಿಯರ್ ಸಾಹೇಬ್ರೇ, ನೀವೇ ಹೇಳಿ. ಬಿಲ್ಲೆ ತಣ್ಣಗಾಗೋ ಹೊತ್ತಲ್ಲಿ ಚಕ್ರ ಯಾವ ಸ್ಥಿತೀಲಿತ್ತು?"

ಎಂಜಿನಿಯರ್ ಗುಂಡಿಯ ಅಂಚಿಗೆ ಬಂದು ಬಗ್ಗಿದ. "ಚಕ್ರ ಎತ್ತುವಾಗ ನೆನಪು ಒಂದಿಷ್ಟು ಅಳಿಸಿರುತ್ತೆ ಮೇಡಂ. ಇದನ್ನೇ ನೆಚ್ಚಿಕೊಳ್ಳೋಕಾಗಲ್ಲ."

"ಅಳಿಸಿದ್ರೆ ಹಿಡಿತ ಕಮ್ಮಿ ಆಗುತ್ತೆ. ವಾಲಿದ್ದು ಹೇಗೆ ಬರುತ್ತೆ? ನೇರವಾಗಿದ್ದದ್ದನ್ನ ಅಳಿಸಿದ್ರೆ ಅದು ಓರೆ ಆಗುತ್ತಾ?"

"ಇವನು ಚಕ್ಕೆ ಕಿತ್ತಾಗಲೇ ವಾಲಿರಬಹುದು."

"ವಾಲಿದ ಚಕ್ರವನ್ನ ಯಾವ ಹುಚ್ಚ ತಿರುಗಿಸ್ತಾನೆ? ಅವತ್ತು ಬೆಳಿಗ್ಗೆ ಚಕ್ರ ನೆಟ್ಟಗೆ ತೇಲ್ತಿತ್ತು, ಕೆಳಗೆ ಕಾಗದ ತೂರಿಸಿ ನೋಡಿದೆ ಅಂತ ನೀವೇ ಹೇಳಿಕೆ ಕೊಟ್ಟಿದ್ದೀರಿ. ನನ್ನ ಹತ್ರ ನಿಮ್ಮ ಸಹಿ ಇದೆ." ಅವಳು ಏಣಿಯ ಮೆಟ್ಟಿಲಿಗೆ ಕೈಯಿಂದ ಗುದ್ದಿದಳು. "ನಾನು ಹಳ್ಳಿ ಶಾಲೇಲಿ ಓದಿದವಳು ಸ್ವಾಮಿ. ನನಗೂ ಇಷ್ಟು ಅರ್ಥವಾಗುತ್ತೆ. ಬೆಳಿಗ್ಗೆ ಬಿಲ್ಲೆ ತಣ್ಣಗಿತ್ತು, ಚಕ್ರ ತೇಲಿತು. ಆಮೇಲೆ ಯಾರೋ ಚಳಿ ನಿಲ್ಲಿಸಿದ್ರು. ಬಿಲ್ಲೆ ಬಿಸಿಯಾಗಿ ಎಲ್ಲಾ ಮರೀತು, ಚಕ್ರ ಬಿತ್ತು. ಚಕ್ರ ಬಿದ್ದ ಮೇಲೆ ಮತ್ತೆ ಯಾರೋ ಚಳಿ ಬಿಟ್ರು. ಬಿದ್ದ ಚಕ್ರವನ್ನೇ ಬಿಲ್ಲೆ ನೆನಪಿಟ್ಕೊಳ್ತು. ಹೌದೋ ಅಲ್ವೋ?"

ಎಂಜಿನಿಯರ್ ಮತ್ತೆ ಕನ್ನಡಕ ತೆಗೆದು ಒರೆಸತೊಡಗಿದ.

ಫಿಟ್ಟರ್ ಗುಂಡಿಯ ನೆಲದಲ್ಲಿ ಕುಕ್ಕರಿಸಿದ್ದ. "ಅಂದ್ರೆ, ಚಕ್ಕೆ?"

"ಚಕ್ಕೆಗೂ ಇದಕ್ಕೂ ಸಂಬಂಧ ಇಲ್ಲ. ನೀನು ಬೇಗ ಕಿತ್ತಿದ್ರೂ ಅಷ್ಟೆ, ತಡವಾಗಿ ಕಿತ್ತಿದ್ರೂ ಅಷ್ಟೆ. ಬೇರೆ ಯಾರೋ ವಾಲ್ವ್ ಮುಚ್ಚಿದ್ದಾರೆ."

"ನಾನಲ್ವಾ?"

"ನೀನಲ್ಲ ಕಣೋ."

ಅವನ ಬಾಯಿಂದ ನಗುವೂ ಅಲ್ಲದ ಅಳುವೂ ಅಲ್ಲದ ಒಂದು ಸದ್ದು ಬಂತು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಮೀಸೆ ಮೇಲಿನಿಂದ ಮೂಗು ಸೀಟಿದ. ಇನ್ಸ್‌ಪೆಕ್ಟರ್ ಫಿಟ್ಟರನ ಭುಜ ಮುಟ್ಟಲು ಹೋಗಿ ಕೈ ಹಿಂದೆ ತೆಗೆದುಕೊಂಡಳು. ವಾರವಿಡೀ ಅವನಿಗೆ ಈ ಒಂದು ಮಾತು ಹೇಳಬಹುದಿತ್ತು. ಆ ವಾರವನ್ನು ತಿಂದವಳು ಅವಳೇ. ಮುಟ್ಟುವ ಹಕ್ಕು ಎಲ್ಲಿಂದ ಬರಬೇಕು?

ಅವಳು ಕೆಲಸಕ್ಕೆ ತಿರುಗಿದಳು. "ಚಕ್ರ ಬಿದ್ದ ಮೇಲೆ ಇಲ್ಲಿ ಯಾರಿದ್ರು?"

"ನಾನು ಆಂಬುಲೆನ್ಸ್ ಹಿಂದೆ ಕಾರಿನಲ್ಲಿ ಹೋದೆ," ಎಂದ ಎಂಜಿನಿಯರ್. "ಇವನು ಆಂಬುಲೆನ್ಸ್ ಒಳಗೇ ಇದ್ದ. ಕಾವಲುಗಾರ ಗೇಟಿನಲ್ಲಿ."

"ಇನ್ನು ಯಾರೂ ಇರಲಿಲ್ವಾ?"

"ಇದ್ದರು. ಹೇಳೋಕೆ ನನಗೆ ಕಷ್ಟ ಆಗುತ್ತೆ." ಅವನು ಗುಂಡಿಯೊಳಗೆ ಫಿಟ್ಟರನ ಕಡೆ ನೋಡಿದ. "ಇವರಕ್ಕ. ಪಕ್ಕದ ಕೋಣೆಯಲ್ಲಿ ಬಿಲ್ಲೆ ಕೂರಿಸ್ತಿದ್ದರು. ಗಂಡನ ಜೊತೆ ಬನ್ನಿ ಅಂತ ಎಷ್ಟು ಕರೆದರೂ ಆಂಬುಲೆನ್ಸ್ ಹತ್ತಲಿಲ್ಲ. ಇಲ್ಲೇ ಉಳಿದರು. ಒಬ್ಬರೇ."

ಫಿಟ್ಟರ್ ಮುಖದಿಂದ ಕೈ ತೆಗೆದ.

ಅವನು ಎದ್ದ. ಏಣಿ ಹತ್ತಿದ. ಮೇಲೆ ನಿಂತು, ಅತಿಥಿಯನ್ನು ಕರೆಯುವಷ್ಟು ಮರ್ಯಾದೆಯಿಂದ ಹೇಳಿದ: "ಮೇಲೆ ಬನ್ನಿ ಮೇಡಂ. ಕೆಳಗೆ ಚಳಿ ಜಾಸ್ತಿ ಇದೆ. ಬೇಗ ಬನ್ನಿ."

ಅವಳು ಹತ್ತಿ ಬಂದು ಎರಡನೇ ಕಾಲು ನೆಲದ ಮೇಲೆ ಇಡುವುದಕ್ಕೂ ಅವನು ಗೋಡೆಗೆ ಹಾರಿ ಪೆಟ್ಟಿಗೆ ಬರಿದು ಮಾಡುವ ಹಿಡಿಯನ್ನು ಜಗ್ಗುವುದಕ್ಕೂ ಸರಿಹೋಯಿತು. ಇನ್ನೊಂದು ಕೈ ಅದರ ಪಕ್ಕದ ಬಿಸಿಗಾಳಿಯ ಹಿಡಿಯನ್ನು ತಿರುಗಿಸಿತು. ಕೆಲಸ ಮುಗಿದ ಮೇಲೆ ಪೆಟ್ಟಿಗೆ ಒಣಗಿಸಲು ಇರುವ ಗಾಳಿ ಅದು.

ಗುಂಡಿಯ ತಳಕ್ಕೆ ನೈಟ್ರೋಜನ್ ಸುರಿಯಿತು. ಕಾದ ಕಾವಲಿಗೆ ನೀರು ಬಿದ್ದಂತೆ ಚೊರ್ರೆಂದು ಸದ್ದಾಗಿ ಬಿಳಿ ಮಂಜು ಎದ್ದಿತು. ಅಂಚಿನವರೆಗೆ ತುಂಬಿ, ಅಂಚು ದಾಟಿ, ನೆಲದ ಮೇಲೆ ಹರಿದು ಬಂತು. ಉಸಿರಾಡುವ ಗಾಳಿ ಕಡಿಮೆಯಾದರೆ ಬಡಿಯುವ ಗಂಟೆ ಕಿರುಚತೊಡಗಿತು.

"ಹುಚ್ಚು ಹಿಡಿದಿದೆಯೇನೋ!" ಇನ್ಸ್‌ಪೆಕ್ಟರ್ ಅವನ ಕುತ್ತಿಗೆಪಟ್ಟಿಗೆ ಕೈ ಹಾಕಿದಳು. ಅವನು ಹಿಡಿಯನ್ನು ಬಿಡಲಿಲ್ಲ. ಮೀಸೆ ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಮೊಣಕಾಲಿನವರೆಗೆ ಮಂಜು. ಇಬ್ಬರೂ ಸೇರಿ ಅವನನ್ನು ದರದರನೆ ಎಳೆದುಕೊಂಡು ಅಂಗಳಕ್ಕೆ ಬಿದ್ದರು.

ಹೊರಗಿನ ಬಿಸಿಲು ಕಣ್ಣಿಗೆ ಹೊಡೆಯಿತು. ಮೂವರೂ ಬಗ್ಗಿ ಕೆಮ್ಮಿದರು. ಒಳಗೆ ಗಂಟೆ ಕಿರುಚುತ್ತಲೇ ಇತ್ತು. ಇನ್ಸ್‌ಪೆಕ್ಟರ್ ತಿರುಗಿ ಬಾಗಿಲ ಕಡೆ ನಡೆದಳು. ಮೀಸೆ ಅಡ್ಡ ನಿಂತ. "ಬೇಡಿ ಮೇಡಂ. ಗಾಳಿ ಇಲ್ಲ ಅಲ್ಲಿ."

ಸ್ವಲ್ಪ ಹೊತ್ತಿಗೆ ಆ ಮಂಜಿನೊಳಗಿನಿಂದ ಠಣ್ ಎಂದು ಒಂದು ಸದ್ದು ಬಂತು.

ಬಳೆ ಬಿದ್ದಿತ್ತು.

"ಮರೀತು," ಎಂದ ಫಿಟ್ಟರ್. ಅವನ ಮುಖದಲ್ಲಿ ಲಾಕಪ್ಪಿನ ಅದೇ ಹಳೆಯ ಶಾಂತಿ ಮತ್ತೆ ಬಂದು ಕೂತಿತ್ತು. "ನಾನು ಮೊದಲು ಹೇಳಿದ್ದೇ ನಿಜ. ಚಕ್ಕೆ ಬೇಗ ಕಿತ್ತೆ. ಹಾಗೇ ಇರಲಿ."

"ಅದು ಸುಳ್ಳು ಅಂತ ಈಗಷ್ಟೇ ನೀನೇ ನೋಡಿದೆ!"

"ನಾನೇನೂ ನೋಡಿಲ್ಲ."

"ನಾನು ನೋಡಿದ್ದೀನಿ."

"ಕೋರ್ಟಿಗೆ ತೋರಿಸಿ."

ಅವಳ ಕೈ ಮೇಲೆದ್ದಿತು. ಹೊಡೆಯುತ್ತಿದ್ದಳೋ ಏನೋ. ಅಷ್ಟರಲ್ಲಿ ಗೇಟಿನ ಕಡೆಯಿಂದ ಬರಿಗಾಲಲ್ಲಿ ಓಡಿಬರುವ ಹೆಂಗಸು ಕಂಡಳು. ಅಕ್ಕ. ಗಂಟೆಯ ಸದ್ದು ಹತ್ತಿರದಲ್ಲೇ ಇದ್ದ ಅವಳ ಬೀದಿಗೆ ಕೇಳಿಸಿತ್ತು.

"ಏನಾಯ್ತು? ಬಿಲ್ಲೆ ಏನು ಹೇಳ್ತು ಮೇಡಂ?"

"ಹೇಳ್ತು. ಹೇಳಿದ ಮೇಲೆ ನಿನ್ನ ತಮ್ಮ ಅದರ ಬಾಯಿ ಮುಚ್ಚಿಸಿದ. ನೈಟ್ರೋಜನ್ ಎಲ್ಲಾ ಚೆಲ್ಲಿದ್ದಾನೆ."

ಅಕ್ಕ ತಮ್ಮನನ್ನು ನೋಡಿದಳು. "ಯಾಕೋ?"

"ನೀನು ಸುಮ್ನಿರು ಅಕ್ಕಾ. ಒಂದು ಮಾತೂ ಆಡಬೇಡ."

"ನನಗೋಸ್ಕರವಾ?" ಅವಳು ಅವನ ತೋಳು ಹಿಡಿದು ಅಲ್ಲಾಡಿಸಿದಳು. "ಅಯ್ಯೋ ಮಂಕೇ! ವಾಲ್ವ್ ತೆರೆದದ್ದು ನಾನು, ಹೌದು. ಮುಚ್ಚಿದ್ದು ನಾನಲ್ಲ. ನಿನ್ನ ಭಾವನೇ ಮುಚ್ಚಿದ್ದು."

"ಭಾವನಾ?"

"ನನ್ನ ಕಣ್ಣೆದುರಿಗೇ. ಯಾಕೆ ಅಂತ ಕೇಳಿದೆ. ಮಧ್ಯಾಹ್ನ ನೋಡೋಕೆ ಬರೋರಿಗೆ, ಚಳಿ ನಿಲ್ಲಿಸಿದ್ರೂ ಚಕ್ರ ತೇಲುತ್ತೆ ಅಂತ ತೋರಿಸಬೇಕಂತೆ, ಈಗಲೇ ಒಂದು ಸಲ ಓಡಿಸಿ ನೋಡ್ತೀನಿ ಅಂದ್ರು. ಅಪಾಯ ಅಲ್ವಾ ಅಂದೆ. 'ನಿನ್ನ ತಮ್ಮನೇ ಹೇಳಿಕಳಿಸಿದ್ದಾನೆ ಕಣೇ, ಎಷ್ಟು ಹೊತ್ತು ಮುಚ್ಚಿದ್ರೂ ಏನೂ ಆಗಲ್ಲ ಅಂತ' ಅಂದ್ರು." ಅವಳ ಧ್ವನಿ ಒಡೆಯಿತು. "ಎಷ್ಟು ಖುಷಿಯಾಗಿದ್ರು ಗೊತ್ತಾ? ಬಾಮೈದ ಕೊನೆಗೂ ಒಂದು ಮಾತು ಕಳಿಸಿದ್ದಾನೆ, ಸಿಟ್ಟು ಇಳಿದಿದೆ ಅಂತ. ನಗ್ತಾ ಹೋಗಿ ಮುಚ್ಚಿದ್ರು."

ಫಿಟ್ಟರ್ ತೋಳು ಬಿಡಿಸಿಕೊಂಡು ಅವಳನ್ನೇ ನೋಡಿದ.

"ನಿನ್ನ ಮಾತಿನಿಂದ ಅವರು ಸತ್ರು ಅಂತ ಯಾರಿಗೂ ಗೊತ್ತಾಗಬಾರದು ಅಂತ ನಾನು ಓಡಿಹೋಗಿ ವಾಲ್ವ್ ತೆರೆದೆ. ಗಂಡನ ಜೊತೆ ಆಂಬುಲೆನ್ಸ್ ಕೂಡ ಹತ್ತಲಿಲ್ಲ ಕಣೋ ನಿನಗೋಸ್ಕರ. ನೀನು ನೋಡಿದ್ರೆ ಚಕ್ಕೆ ಗಿಕ್ಕೆ ಅಂತ ಏನೇನೋ ಒಪ್ಪಿಕೊಂಡು ಕೂತೆ. ಬಿಲ್ಲೆಯನ್ನ ಕೇಳಿಸಿದ್ರೆ ವಾಲ್ವ್ ತೆರೆದ ನನ್ನ ತಲೆಗೆ ಬರುತ್ತೆ, ನೀನು ಮನೆಗೆ ಬರ್ತೀಯ ಅಂತ ನಾನೇ ಇವರನ್ನ ಕಳಿಸಿದ್ದು."

"ಅಕ್ಕಾ, ನಾನು ಹೇಳಿಕಳಿಸಿಲ್ಲ."

"ಈಗಲೂ ಸುಳ್ಳು ಹೇಳ್ಬೇಡ."

"ನಿನ್ನಾಣೆ ಅಕ್ಕಾ! ಭಾವನಿಗೆ ನಾನು ಏನೂ ಹೇಳಿಕಳಿಸಿಲ್ಲ. ವಾಲ್ವ್ ಮುಚ್ಚಿದ್ರೆ ಬೀಳುತ್ತೆ ಅಂತ ನನಗೆ ಗೊತ್ತಿಲ್ವಾ? ನಾನ್ಯಾಕೆ ಹೇಳಲಿ?"

ಇನ್ಸ್‌ಪೆಕ್ಟರ್ ಇಬ್ಬರ ನಡುವೆ ಬಂದಳು. ಒಂದು ವಾರದಿಂದ ಕೇಳಬೇಕಾಗಿದ್ದ ಪ್ರಶ್ನೆ ಈಗ ಅವಳ ಬಾಯಿಗೆ ಬಂತು.

"ನೀನೂ ನಿನ್ನ ಭಾವನೂ ಮಾತು ಬಿಟ್ಟಿದ್ರಿ. ಆದರೂ ಕೆಲಸ ನಡೀತಿತ್ತು. ಕೆಲಸದ ಮಾತನ್ನ ನಿನ್ನಿಂದ ಅವರಿಗೆ, ಅವರಿಂದ ನಿನಗೆ ಹೊತ್ತುಕೊಂಡು ಹೋಗ್ತಿದ್ದವರು ಯಾರು?"

ಫಿಟ್ಟರನ ತುಟಿ ಅಲುಗಿತು. "ಎಂಜಿನಿಯರ್ ಸಾರು. ಭಾವನಿಗೆ ನನ್ನ ಹೆಸರಲ್ಲಿ ಆ ಮಾತು ಹೇಳಿದ್ದೂ ಅವರೇ ಇರಬೇಕು."

ಅವಳು ಸರಕ್ಕನೆ ತಿರುಗಿದಳು. ಅಂಗಳದಲ್ಲಿ ಮೀಸೆ ಇದ್ದ. ಗೇಟಿನಿಂದ ಓಡಿಬಂದ ಕಾವಲುಗಾರ ಇದ್ದ. ಎಂಜಿನಿಯರನ ಕಾರು ನೆರಳಿನಲ್ಲಿ ಹಾಗೇ ನಿಂತಿತ್ತು.

"ಮೀಸೆ, ಎಂಜಿನಿಯರ್ ಎಲ್ಲಿ?"

"ನಿಮ್ಮ ಹಿಂದೇನೇ ಇದ್ರಲ್ಲ ಮೇಡಂ." ಮೀಸೆ ಸುತ್ತ ನೋಡಿದ. "ನಾವು ಇವನನ್ನ ಎಳ್ಕೊಂಡು ಬಂದ್ವಿ. ಅವರು ಬಂದದ್ದು ನಾನು ನೋಡಲಿಲ್ಲ."

ತಾವು ಹಾರುಹೊಡೆದು ಬಂದಿದ್ದ ಹಜಾರದ ಬಾಗಿಲು ಈಗ ಮುಚ್ಚಿತ್ತು. ಕೆಳಗಿನ ಸಂದಿಯಿಂದ ಬಿಳಿ ಮಂಜು ತೆಳ್ಳಗೆ ಹೊರಗೆ ಹರಿಯುತ್ತಿತ್ತು. ಇನ್ಸ್‌ಪೆಕ್ಟರ್ ಓಡಿಹೋಗಿ ಹಿಡಿಕೆ ಜಗ್ಗಿದಳು. ಅಲುಗಲಿಲ್ಲ. ಹೆಗಲು ಕೊಟ್ಟು ಗುದ್ದಿದಳು.

ಒಳಗಿನಿಂದ ಚಿಲಕ ಹಾಕಿತ್ತು.

ಫಿಟ್ಟರ್ ಅವಳನ್ನು ತಳ್ಳಿಕೊಂಡು ಬಂದು ಎರಡೂ ಅಂಗೈಗಳಿಂದ ಆ ಕಬ್ಬಿಣದ ಬಾಗಿಲನ್ನು ಬಡಿಯತೊಡಗಿದ.

"ಸಾರ್! ಬಾಗಿಲು ತೆಗೀರಿ ಸಾರ್! ನೀವು ಏನು ಮಾಡಿದ್ರೂ ಸರಿ, ಹೊರಗೆ ಬನ್ನಿ! ಆ ಮಂಜು ಬಿಟ್ಟಿದ್ದು ನಾನು ಸಾರ್, ನನ್ನ ಕೈಯಲ್ಲಿ ಸಾಯಬೇಡಿ!"